ಎರಡೂ ಎಡಗಾಲಿನ ಕೊರಿಯನ್ ಕಥೆ

ಜೀನ್ಸ್ ಹೊಲಿಯುವ ಜಾಗದಲ್ಲಿ ಗಂಭೀರವಾದದ್ದು ಯಾವುದೂ ಗಂಭೀರವಾಗಿ ಉಳಿಯುವುದಿಲ್ಲ. ಉಳಿಸಲು ನಾನು ಪ್ರಯತ್ನಪಟ್ಟು ಬಿಟ್ಟಿದ್ದೇನೆ. ಆಂಧ್ರದ ಗಡಿಯ ರಾಯದುರ್ಗದಲ್ಲಿ ಭಾವನ ಹೊಲಿಗೆ ಘಟಕ ನೋಡಿಕೊಳ್ಳಲು ಬಂದು ಕೂತಾಗಿನಿಂದ ಒಂದಲ್ಲ ಒಂದು ನಡೆಯುತ್ತಲೇ ಇದೆ. ಈ ಪ್ರಸಂಗಗಳು ಒಂದು ಕೊರಿಯನ್ ಧಾರಾವಾಹಿ ನಮ್ಮ ಶೆಡ್ಡಿಗೆ ಹೊಕ್ಕಿದ್ದ ಕಾಲದವು. ಆಗ ಯಾರಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೊಲಿಗೆ ಮಾತ್ರ ಕೂತೇ ಮಾಡುವ ಕೆಲಸ.

೧. ಮನಸ್ಸಿನ ಡಾಕ್ಟರು

ನಾನು ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ರಾಯದುರ್ಗದಲ್ಲಿ ಅದಕ್ಕೆ ಗಿರಾಕಿ ಇಲ್ಲ. "ಮಂದಿ ಮನಸ್ಸು ಓದೀಯಲ್ಲ, ನನ್ನ ಟೇಲರ್‌ಗಳ ಮನಸ್ಸು ನೋಡ್ಕೊ ಬಾ" ಎಂದು ಭಾವ ಕರೆದು ಮ್ಯಾನೇಜರ್ ಮಾಡಿದರು. ಮನಸ್ಸಿಗಿಂತ ಹೆಚ್ಚಾಗಿ ನಾನು ನೋಡಿಕೊಂಡದ್ದು ಕರೆಂಟು ಯಾವಾಗ ಬರುತ್ತದೆ ಎನ್ನುವುದನ್ನು.

ಧಾರಾವಾಹಿಯನ್ನು ತಂದವಳು ನಮ್ಮಲ್ಲಿ ಜಿಪ್ಪು ಹೊಲಿಯುವ ಹುಡುಗಿ. ಮಡಕಶಿರಾ ಕಡೆ, ರೊಳ್ಳದ ಹತ್ತಿರದ ಹಳ್ಳಿಯವಳು. ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕೆಲಸಕ್ಕೆ ಬರುತ್ತಿದ್ದಳು. ಅವಳ ಮೊಬೈಲಿನಲ್ಲಿ ಕೊರಿಯಾದವರು ತೆಲುಗು ಮಾತಾಡುತ್ತಿದ್ದರು. ಅದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ನಮ್ಮಲ್ಲಿ ಎಲ್ಲರೂ ಯಾವಾಗಲಾದರೂ ತೆಲುಗು ಮಾತಾಡುತ್ತಾರೆ.

ಕಥೆ ಇಷ್ಟು. ಒಬ್ಬ ಗಂಡ, ಒಬ್ಬಳು ಹೆಂಡತಿ, ಒಂದು ಬೀಗ ಹಾಕಿದ ಕೋಣೆ. ಹೆಂಡತಿ ಮೇಜಿನ ಮೇಲಿಟ್ಟ ಲೋಟ ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿರುತ್ತದೆ. "ನೀನೇ ಅಲ್ಲಿಟ್ಟೆ, ಮರೆತಿದ್ದೀಯ" ಅನ್ನುತ್ತಾನೆ ಗಂಡ, ನಗುತ್ತಾ. ಅವಳಿಗೆ ಲೋಟದ ಮೇಲೆ, ಆಮೇಲೆ ಕಿಟಕಿಯ ಮೇಲೆ, ಕೊನೆಗೆ ತನ್ನ ಮೇಲೇ ಅನುಮಾನ ಬರುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ಸಂಸಾರ ಅನ್ನುತ್ತಾರೆ. ಕೊರಿಯಾದಲ್ಲಿ ಸೈಕಲಾಜಿಕಲ್ ಡ್ರಾಮಾ.

ಮೊದಲ ದಿನವೇ ಹುಡುಗಿ ನನ್ನ ಮೇಜಿನ ಹತ್ತಿರ ಬಂದಳು. "ಸಾರ್, ನೀವು ಮನಸಿಂದೇ ಓದಿರೋದಲ್ವಾ? ಆ ಹೆಂಡ್ತಿಗೆ ನಿಜವಾಗ್ಲೂ ಹುಚ್ಚಾ? ಇಲ್ಲ ಗಂಡ ಹಿಡಿಸ್ತಾವ್ನಾ?"

ಓದಿದ್ದನ್ನು ಯಾರೋ ಕೇಳಿದ್ದು ಅದೇ ಮೊದಲು. ಭ್ರಮೆಗೂ ಅನುಮಾನಕ್ಕೂ ಇರುವ ವ್ಯತ್ಯಾಸ, ನೆನಪು ಹೇಗೆ ಕೆಲಸ ಮಾಡುತ್ತದೆ, ಹೊರಗಿನ ಒತ್ತಡ, ಒಳಗಿನ ಒತ್ತಡ ಎಂದು ಟೀ ಆರುವವರೆಗೂ ವಿವರಿಸಿದೆ. ಮೆಷೀನುಗಳು ನಿಂತವು. ಎಲ್ಲರೂ ಕೇಳಿದರು.

ಕೊನೆಯಲ್ಲಿ, ಗುಂಡಿ ಹಾಕುವ ತಾತ ಕನ್ನಡಕ ಒರೆಸಿಕೊಂಡು ಹುಡುಗಿಯ ಕಡೆ ತಿರುಗಿದ. "ಗೊತ್ತಿಲ್ಲ ಅನ್ನಾಕತ್ತಾರವ್ವ. ಓದಿದೋರು ಹಂಗಽ ಹೇಳೋದು."

೨. ಪೀಸಿನ ಲೆಕ್ಕದಲ್ಲಿ ಕಥೆ

ಜೀನ್ಸ್ ಪ್ಯಾಂಟನ್ನು ಒಬ್ಬರೇ ಹೊಲಿಯುವುದಿಲ್ಲ. ಕಟಿಂಗ್ ಮಾಸ್ಟರ್ ಬಟ್ಟೆ ಕತ್ತರಿಸಿ ಕೊಟ್ಟರೆ ಒಬ್ಬರು ಜೇಬು, ಒಬ್ಬರು ಜಿಪ್ಪು, ಒಬ್ಬರು ಕಾಲು ಜೋಡಿಸುವುದು, ಒಬ್ಬರು ಸೊಂಟದ ಪಟ್ಟಿ, ಕಟ್ಟಕಡೆಗೆ ತಾತನ ಗುಂಡಿ. ಹಿಂದಿನವರ ಮಾಲು ಬರುವ ತನಕ ಮುಂದಿನವರು ಖಾಲಿ.

ಧಾರಾವಾಹಿಯನ್ನೂ ಇದೇ ಪದ್ಧತಿಯಲ್ಲಿ ನೋಡಿದರು. ಎಲ್ಲರೂ ಸೇರಿ ಹಾಕಿಸಿದ ಒಂದೇ ಪ್ಯಾಕು, ಒಂದೇ ಮೊಬೈಲು, ಜಿಪ್ಪಿನ ಹುಡುಗಿಯದು, ಕಂಬದ ಮೊಳೆಗೆ ನೇತುಹಾಕಿದ್ದು. ಯಾರು ಖಾಲಿ ಇದ್ದಾರೋ ಅವರು ಮೆಷೀನು ಬಿಟ್ಟು ಹೋಗಿ ನೋಡಬೇಕು, ಮಾಲು ಬಂದ ತಕ್ಷಣ ಬಿಟ್ಟು ಬರಬೇಕು. ಟೀ ಹೊತ್ತಿಗೆ ತಂತಮ್ಮ ತುಂಡನ್ನು ತಂದು ಜೋಡಿಸಬೇಕು.

ಜೇಬಿನವಳು ಹೇಳುವಳು: "ಗಂಡ ಕಾರಿನ್ಯಾಗ ಅಳಾಕತ್ತಿದ್ದ."

"ಯಾಕ?"

"ಅಷ್ಟಽ. ನನಗ ಮಾಲು ಬಂತು."

ಮುಂದಿನ ತುಂಡು ಜಿಪ್ಪಿನ ಹುಡುಗಿಯದು. "ಆಮೇಲೆ ಅವ್ನು ಕೇಕ್ ಕಟ್ ಮಾಡ್ತಿದ್ದ. ನಗ್ತಾ ಇದ್ದ."

"ಅಳೋನು ಕೇಕ್ ಯಾಕ ಕೊಯ್ದ?"

"ಅದು ನಡುವಿನ ತುಂಡು. ಯಾರ್ ನೋಡಿದ್ದು?"

ನಡುವಿನ ತುಂಡಿನ ಹೊತ್ತಿನಲ್ಲಿ ಎಲ್ಲರಿಗೂ ಮಾಲು ಇತ್ತು. ಯಾರೂ ನೋಡಿರಲಿಲ್ಲ. ತಾತ ಯೋಚಿಸಿ ತೀರ್ಪು ಕೊಟ್ಟ: "ಈರುಳ್ಳಿ ಹೆಚ್ಚಿರಬೇಕ್ರಿ. ಅದಕ್ಕಽ ಅಳು."

ಆ ಧಾರಾವಾಹಿಯನ್ನು ನಾನು ಮನೆಯಲ್ಲಿ ಪೂರ್ತಿ ನೋಡಿದೆ. ಕೆಲಸದವರು ಏನು ನೋಡುತ್ತಾರೆ ಎನ್ನುವುದು ಮ್ಯಾನೇಜರಿಗೆ ಗೊತ್ತಿರಬೇಕು. ಕೆಲವು ಕಂತುಗಳನ್ನು ಎರಡೆರಡು ಸಲ ನೋಡಿದ್ದೂ ಅದೇ ಕಾರಣಕ್ಕೆ. ಮೊದಲರ್ಧ ಚೆನ್ನಾಗಿದೆ, ಲೋಟ ಒಂದೇ ಸಾಕು ಭಯ ಹುಟ್ಟಿಸಲು. ಆಮೇಲೆ ಬರೆದವರಿಗೇ ಭಯವಾಗಿ ಕಾರು ಅಪಘಾತ, ಮರೆವು, ಹಳೆಯ ಪ್ರೇಮಿ ಎಲ್ಲ ತಂದು ತುಂಬಿದ್ದಾರೆ. ಆ ಕಥೆಯಲ್ಲಿ ನೆನಪು ಹೋಗುವುದು ನೆಗಡಿ ಬಂದಷ್ಟೇ ಸಲೀಸು. ಟೀ ಹೊತ್ತಿನಲ್ಲಿ ನಮ್ಮವರು ಜೋಡಿಸಿದ ಕಥೆ ಅದಕ್ಕಿಂತ ನಂಬುವಂತಿತ್ತು. ಕನಿಷ್ಠ ಅದರಲ್ಲಿ ಈರುಳ್ಳಿ ಇತ್ತು.

೩. ಎಡಗಾಲುಗಳು

ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಕಾಲಿನ ಆಕಾರದ ರಟ್ಟು ಇಟ್ಟು, ಚಾಕಿನಲ್ಲಿ ಗೆರೆ ಎಳೆದು ಕತ್ತರಿಸುತ್ತಾರೆ. ರಟ್ಟನ್ನು ಒಮ್ಮೆ ಹೀಗೆ ಇಡಬೇಕು, ಒಮ್ಮೆ ಮಗುಚಿ ಇಡಬೇಕು. ಆಗ ಒಂದು ಎಡಗಾಲು, ಒಂದು ಬಲಗಾಲು. ನಮ್ಮ ಕಟಿಂಗ್ ಮಾಸ್ಟರ್ ಕೂದಲು ನೆರೆಯುವವರೆಗೂ ಇದನ್ನೇ ಮಾಡಿದವರು. ಅವತ್ತು ಗೆರೆ ಎಳೆಯುತ್ತಲೇ ತಾತನ ಜೊತೆ ವಾದಕ್ಕೆ ಬಿದ್ದರು.

"ಗಂಡಂದು ತಪ್ಪಿಲ್ಲೋ ಮಾರಾಯ. ಹೆಂಡ್ತಿನ್ನ ನೋಡಾಕ ಬರೋ ಆ ಡಾಕ್ಟರಽ ಕಳ್ಳ."

"ಡಾಕ್ಟರಿಗೆ ಏನು ಬಂದೈತಿ? ಫೀಜು ತಗೊಂಡು ಹೋಕ್ಕಾನ."

"ನೀ ಅವನ ನಗು ನೋಡೀಯೇನು? ಬಾಯಷ್ಟಽ ನಗತೈತಿ, ಕಣ್ಣು ನಗಂಗಿಲ್ಲ."

ವಾದ ಮುಗಿಯಿತು, ಕಟಿಂಗೂ ಮುಗಿಯಿತು. ಕಾಲು ಜೋಡಿಸುವವನು ಎರಡು ತುಂಡು ಹಿಡಿದುಕೊಂಡು ಬಂದ. "ಸರ್ರ, ಎರಡೂ ಎಡಗಾಲು." ಬೇರೆ ಕಟ್ಟು ಬಿಚ್ಚಿದ. ಎಡಗಾಲು. ಇಡೀ ಲಾಟಿನಲ್ಲಿ ಬಲಗಾಲಿಗೆ ಜಾಗವೇ ಇರಲಿಲ್ಲ.

ಬಳ್ಳಾರಿಯ ಬಟ್ಟೆ ಸಾಹುಕಾರರಿಗೆ ಫೋನ್ ಮಾಡಿ, ಇದನ್ನು ವಾಪಸ್ ತೆಗೆದುಕೊಂಡು ಬೇರೆ ಬಟ್ಟೆ ಕೊಡುತ್ತೀರಾ ಎಂದು ಕೇಳಿದೆ. ಸ್ಪೀಕರಿನಲ್ಲಿ ಶೆಡ್ಡಿಗೆಲ್ಲ ಕೇಳುವಂತೆ ಉತ್ತರ ಬಂತು: "ಕತ್ತರಿ ಬಿದ್ದ ಬಟ್ಟೆ ವಾಪಸ್ ತಗೊಳಂಗಿಲ್ರಿ." ಇಷ್ಟು ಹೇಳಿ ಇಟ್ಟರು.

ಎಡಗಾಲುಗಳೆಲ್ಲ ಮಕ್ಕಳ ಚಡ್ಡಿಗಳಾದವು. ಮೂರನೆಯ ದಿನ ಮಾಸ್ಟರ್ ಜಿಪ್ಪಿನ ಹುಡುಗಿಯನ್ನು ಕರೆದರು. ಅವಳು ಕಟಿಂಗ್ ಟೇಬಲ್ಲಿನ ಸುತ್ತ ಸುಳಿಯುತ್ತಿದ್ದುದು, ಮಾಸ್ಟರ್ ಊಟಕ್ಕೆ ಹೋದಾಗ ರಟ್ಟು ಮಗುಚಿ ನೋಡುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ನಮ್ಮಲ್ಲಿ ಹೆಂಗಸರು ಯಾರೂ ಆ ಟೇಬಲ್ಲಿಗೆ ನಿಂತಿರಲಿಲ್ಲ.

"ನನಗ ಇನ್ನೊಂದು ಜೋಡಿ ಕಣ್ಣು ಬೇಕವ್ವ. ಬರೋ ಸೋಮವಾರ ಹೊಸ ಲಾಟು. ಅವತ್ತು ಬಂದು ನಿಂತ್ರ ಕತ್ತರಿ ಕೊಡ್ತೀನಿ. ಆದ್ರ ನಡುವ ಬಿಟ್ಟು ಹೋಗಂಗಿಲ್ಲ. ಇಬ್ಬರಿಗೆ ಕಲಿಸಿದೆ, ಇಬ್ಬರೂ ಬೆಂಗಳೂರು ಬಸ್ಸು ಹತ್ತಿದ್ರು."

"ನಾನ್ ಹೋಗಲ್ಲ ಮಾಸ್ಟ್ರೇ."

"ಮದಿವಿ?"

"ಅದೂ ಇಲ್ಲ."

ಆ ಮಾತನ್ನು ಅವಳು ಖುಷಿಯಲ್ಲಿ ಎಷ್ಟು ಜೋರಾಗಿ ಹೇಳಿದಳೆಂದರೆ, ಮೊಳೆಗೆ ನೇತುಹಾಕಿದ್ದ ಮೊಬೈಲು ಅಷ್ಟಕ್ಕೇ ಕಾದಿದ್ದಂತೆ ಹೊಡೆದುಕೊಂಡಿತು. ಫೋನ್ ಮಾಡಿದ್ದವರು ಅವಳ ಅಮ್ಮ. ಗಂಡು ನೋಡಿದ್ದರಂತೆ.

೪. ಏನೂ ಮಾಡದ ನಟನೆ

ಧಾರಾವಾಹಿಯ ನಾಯಕಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಆಕೆ ಏನೂ ಮಾಡುವುದಿಲ್ಲ. ನಮ್ಮ ಕಡೆಯ ನಟಿಯಾಗಿದ್ದರೆ ಅಷ್ಟು ಹೊತ್ತಿಗೆ ಗೋಡೆಗೆ ತಲೆ ಚಚ್ಚಿಕೊಂಡಿರುತ್ತಿದ್ದಳು. ಈಕೆ ಸುಮ್ಮನೆ ನೋಡುತ್ತಾಳೆ. ಕೆಳರೆಪ್ಪೆ ಒಂದಿಷ್ಟು ಅದುರುತ್ತದೆ. ನೋಡುವವನಿಗೆ ತಾನೇ ಏನೋ ತಪ್ಪು ಮಾಡಿದ್ದೇನೆ ಅನ್ನಿಸಿ ಕುಳಿತಲ್ಲೇ ಮಿಸುಕಾಡುವಂತಾಗುತ್ತದೆ. ನನಗೆ ಯಾವ ನಟನೆಯೂ ಸುಲಭಕ್ಕೆ ಹಿಡಿಸುವುದಿಲ್ಲ. ಇದು ಹಿಡಿಸಿತು ಅಂತಲ್ಲ, ಬಿಡಲಿಲ್ಲ ಅಷ್ಟೆ.

ಶೆಡ್ಡಿನಲ್ಲಿ ಎಲ್ಲರೂ ಅದನ್ನು ಅಭ್ಯಾಸ ಮಾಡತೊಡಗಿದರು. ಬಟ್ಟೆ ಸಾಹುಕಾರರು ಬಂದದ್ದು ಆ ದಿನಗಳಲ್ಲಿ. ಎಡಗಾಲಿನ ಸುದ್ದಿ ಕೇಳಿ ಜಗಳ ಆಡಲೆಂದೇ ಬಂದಿದ್ದರು.

"ಹಿಂಗ ಮಾಡಿದ್ರ ನಾ ಹ್ಯಾಂಗ ಸಾಲಕ್ಕ ಮಾಲು ಕೊಡ್ಲಿ? ಯಾರ್ರಿ ಕಟ್ ಮಾಡಿದ್ದು? ಹೇಳ್ರಿ!"

ಮೆಷೀನುಗಳು ನಿಂತವು. ಎಲ್ಲರೂ ತಲೆಯೆತ್ತಿ ಸುಮ್ಮನೆ ಅವರನ್ನೇ ನೋಡಿದರು. ಜೇಬಿನವಳ ಕೆಳರೆಪ್ಪೆ ಅದುರಿತು. ತಾತ ಬಾಯಲ್ಲಿ ಮಾತ್ರ ನಕ್ಕ.

ಸಾಹುಕಾರರು ಕರ್ಚೀಫು ತೆಗೆದರು. "ಅಲ್ರಿ, ನಾ ತಪ್ಪು ಅಂತ ಹೇಳಾಕ ಬಂದಿಲ್ಲ." ಯಾರೂ ಕಣ್ಣು ತೆಗೆಯಲಿಲ್ಲ. "ಹೋದ ಸಲದ ಜಿಪ್ಪು... ಅವು ಸೆಕೆಂಡ್ಸ್, ಎರಡನೇ ದರ್ಜೆ ಮಾಲು ಇದ್ವು. ಖರೇ. ಬದಲಿ ಕಳಿಸ್ತೀನಿ ಬಿಡ್ರಿ."

ಜಿಪ್ಪಿನ ವಿಷಯ ನಮಗೆ ಗೊತ್ತೇ ಇರಲಿಲ್ಲ.

ಬಾಗಿಲವರೆಗೆ ಬಿಡಲು ಹೋದಾಗ ನನ್ನ ಕಿವಿಯಲ್ಲಿ ಕೇಳಿದರು: "ಇವರಿಗೆಲ್ಲ ಏನಾಗೈತ್ರಿ?"

"ಕೊರಿಯಾ" ಎಂದೆ.

"ಅಯ್ಯೋ ಪಾಪ. ಅಂಟತೈತೇನ್ರಿ?"

೫. ತಾತ ನೋಡಿದ ಕೊನೆ

ಅಂಟಿತ್ತು. ಹುಡುಗಿಯ ಅಮ್ಮ ನನಗೇ ಫೋನ್ ಮಾಡಿದರು.

"ಸಾರ್, ನಮ್ ಹುಡ್ಗೀಗೆ ಏನೋ ಆಗೈತೆ. ವಿಡಿಯೋ ಕಾಲ್ ಮಾಡಿದ್ರೆ ಮಾತೇ ಆಡಲ್ಲ, ಸುಮ್ಕೆ ನನ್ ಮಖ ನೋಡ್ತಾಳೆ. ಭಾನ್ವಾರ ಗಂಡಿನ್ ಕಡೆಯೋರು ಬತ್ತಾವ್ರೆ. ನೀವು ಮನಸಿನ ಡಾಕ್ಟ್ರಂತಲ್ಲ, ಒಸಿ ಕರ್ಕೊಂಡ್ ಬನ್ನಿ ಸಾರ್."

ನಾನು ಹುಡುಗಿಯನ್ನು ಕರೆದು ಕೇಳಿದೆ.

"ನಾನು ಬೇಡ ಅಂದ್ರೆ ಯಾಕೆ ಬೇಡ ಅಂತಾರೆ ಸಾರ್. ಕತ್ತರಿ ಹಿಡೀಬೇಕು ಅಂದ್ರೆ ನಗ್ತಾರೆ. ಗಂಡಿನ್ ಕಡೆಯೋರೇ ಬೇಡ ಅಂದ್ಬಿಟ್ರೆ ಯಾರೂ ಕೇಳಲ್ಲ. ಅವರ ಮುಂದೆ ಹಿಂಗೇ ಕೂತ್ಕೋತೀನಿ. ಈ ಹುಡ್ಗೀಗೆ ತಲೆ ಸರಿಯಿಲ್ಲ ಅಂತ ಎದ್ದು ಹೋಗ್ಬೇಕು. ಸೋಮವಾರ ನಾನಿಲ್ಲಿ ಇರ್ಬೇಕು."

ಮಡಕಶಿರಾ ಕಡೆ ಇಬ್ಬರು ಟೇಲರ್‌ಗಳನ್ನು ಹುಡುಕುವುದು ಹೇಗೂ ನನಗಿತ್ತು. ಹೊರಟೆ.

ಹೊರಡುವ ದಿನ, ಶನಿವಾರ, ಶೆಡ್ಡಿನವರಿಗೆ ಧಾರಾವಾಹಿಯ ಕೊನೆಯ ಕಂತು. ಪ್ಯಾಕು ಮುಗಿಯುವುದೂ ಅವತ್ತೇ. ಚಡ್ಡಿಗಳು ಅವತ್ತೇ ಹೋಗಬೇಕಾದ್ದರಿಂದ ಎಲ್ಲರಿಗೂ ಮೈತುಂಬ ಮಾಲು. ಮೊದಲ ಚಡ್ಡಿ ಗುಂಡಿಗೆ ಬರುವ ತನಕ ಖಾಲಿ ಇದ್ದವನು ತಾತ ಒಬ್ಬನೇ. ಎಲ್ಲರ ಪರವಾಗಿ ಕೊನೆಯನ್ನು ನೋಡುವ ಜವಾಬ್ದಾರಿ ಅವನ ಮೇಲೆ ಬಿತ್ತು.

ತಾತ ಮೊಬೈಲಿನ ಮುಂದೆ ಕೂತ. ಸ್ವಲ್ಪ ಹೊತ್ತಿಗೆ ಗದ್ದ ಎದೆಗೆ ತಾಗಿತು. ನಾನು ನೋಡಿದೆ, ಬೇರೆ ಯಾರಿಗೂ ನೋಡಲು ಪುರುಸೊತ್ತಿರಲಿಲ್ಲ.

ಟೀ ಹೊತ್ತಿಗೆ ಎಲ್ಲರೂ ಮುತ್ತಿಕೊಂಡರು. "ಯಾರು ತಾತ? ಗಂಡನಾ, ಡಾಕ್ಟರಾ?"

ತಾತ ಟೀ ಗುಟುಕರಿಸಿದ. ಕೊಂಚವೂ ಅಳುಕದೆ ಹೇಳಿದ: "ಅತ್ತಿ."

"ಅತ್ತೆನಾ! ಅವಳು ಬಂದಿದ್ದೇ ಒಂದ್ಸಲ, ಕೋಸಿನ ಉಪ್ಪಿನಕಾಯಿ ಡಬ್ಬಿ ಕೊಟ್ಟು ಹೋದ್ಲು."

"ಅದರಾಗಽ ಮದ್ದು ಹಾಕಿದ್ಲು. ಸೊಸಿ ತಿಂದ್ಲು, ತಲಿ ಕೆಟ್ಟಿತು. ಅತ್ತಿಗೆ ಸೊಸಿ ಕಂಡ್ರ ಆಗ್ತಿರಲಿಲ್ಲ. ಕೊನಿಗೆ ಸೊಸಿ ಡಬ್ಬಿ ಬಿಸಾಕಿದ್ಲು, ಹುಷಾರಾದ್ಲು."

ಶೆಡ್ಡಿನಲ್ಲಿ ದೊಡ್ಡ ನಿಟ್ಟುಸಿರು. ನಿಜವಾದ ಕೊನೆ ಅದಲ್ಲ, ನಾನು ಮನೆಯಲ್ಲಿ ಮೊದಲೇ ನೋಡಿದ್ದೆ. ತಲೆ ಕೆಟ್ಟಿದ್ದು ಗಂಡನಿಗೆ, ಬೀಗ ಹಾಕಿದ್ದ ಕೋಣೆ ಅವಳ ಆಸ್ಪತ್ರೆಯ ಕೋಣೆ, ಹೆಂಡತಿಯೇ ಅವನ ಡಾಕ್ಟರು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಜೇಬಿನವಳು ಕಣ್ಣೊರೆಸಿಕೊಂಡಳು. "ನಂಗ ಗೊತ್ತಿತ್ರಿ. ನಮ್ಮತ್ತಿನೂ ಉಪ್ಪಿನಕಾಯಿ ಕಳಸ್ತಾಳ."

೬. ಹುಳು ಜ್ವರಕ್ಕೆ ಕೂತ ಮನೆ

ರಾಯದುರ್ಗದಿಂದ ಮಡಕಶಿರಾಕ್ಕೆ ಹೋಗುವ ದಾರಿ ನಡುವೆ ಕರ್ನಾಟಕ ಹೊಕ್ಕು, ಯಾಕೆ ಬಂದೆನೆಂದು ಮರೆತು, ಮತ್ತೆ ಆಂಧ್ರಕ್ಕೆ ಬೀಳುತ್ತದೆ. ಹುಡುಗಿ ಕಿಟಕಿಯ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡು ಇಡೀ ದಾರಿ ಅಭ್ಯಾಸ ಮಾಡಿದಳು. ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಹೋಗಿ ಕೂತರು. ನನಗೆ ಭರವಸೆ ಬಂತು.

ಅವಳ ಮನೆಯ ಅರ್ಧ ರೇಷ್ಮೆ ಹುಳುವಿಗೆ, ಅರ್ಧ ಮನುಷ್ಯರಿಗೆ. ಹುಳುಗಳು ಪೊರೆ ಕಳಚುವ ಮುನ್ನ ಸೊಪ್ಪು ಬಿಟ್ಟು ತಲೆಯೆತ್ತಿ ಅಲುಗದೆ ಕೂರುತ್ತವೆ. ಅದಕ್ಕೆ ಜ್ವರ ಅನ್ನುತ್ತಾರೆ. ಆ ಭಾನುವಾರ ಹುಳುಗಳು ಜ್ವರಕ್ಕೆ ಕೂತಿದ್ದವು. ಗಂಡಿನ ಕಡೆಯವರು ಸೆಂಟು ಬಳಿದುಕೊಂಡು ಆಟೋದಿಂದ ಇಳಿದರು. ಹುಡುಗಿಯ ಅಮ್ಮ ಹೊಸಿಲಲ್ಲೇ ಅಡ್ಡ ನಿಂತರು.

"ಸೆಂಟು ಹಾಕ್ಕೊಂಡೋರು ಒಳೀಕ್ ಬರ್ಬ್ಯಾಡಿ. ಗಟ್ಟಿಯಾಗೂ ಮಾತಾಡ್ಬ್ಯಾಡಿ. ಹುಳ ಜ್ವರಕ್ಕೆ ಕೂತವೆ."

ಹೀಗಾಗಿ ಹೆಣ್ಣು ನೋಡುವ ಶಾಸ್ತ್ರ ಜಗಲಿಯ ಮೇಲೆ, ಪಿಸುಮಾತಿನಲ್ಲಿ ನಡೆಯಿತು. ಹುಡುಗಿ ಬಂದು ಕೂತಳು. ತಲೆ ತಗ್ಗಿಸಲಿಲ್ಲ. ಗಂಡಿನ ಸೋದರಮಾವನನ್ನೇ ನೇರವಾಗಿ, ಕಣ್ಣು ಮಿಟುಕಿಸದೆ ನೋಡಿದಳು. ಕೆಳರೆಪ್ಪೆ ಅದುರಿಸಿದಳು. ಬಳ್ಳಾರಿ ಸಾಹುಕಾರರನ್ನು ಓಡಿಸಿದ್ದ ನೋಟ ಅದೇ.

"ಹೆಸರೇನವ್ವಾ?" ಎಂದರು ಮಾವ. ಉತ್ತರ ಇಲ್ಲ. "ಅಡಿಗೆ ಬತ್ತೈತಾ?" ಉತ್ತರ ಇಲ್ಲ. ನಾನು ಆಟೋದ ಕಡೆ ನೋಡಿದೆ. ಇನ್ನೇನು ಹತ್ತುತ್ತಾರೆ.

ಮಾವ ಅಕ್ಕಪಕ್ಕದವರ ಕಡೆ ಬಾಗಿದರು. ಅವರ ಕಣ್ಣು ತುಂಬಿತ್ತು. "ನೋಡ್ರಪ್ಪ. ಹುಳ ಜ್ವರಕ್ಕೆ ಕೂತವೆ ಅಂತ ಹುಡ್ಗಿ ಉಸ್ರೂ ಬಿಡ್ತಿಲ್ಲ. ಇಂಥ ಜವಾಬ್ದಾರಿ ಎಲ್ಲೈತೆ ಈಗಿನ ಕಾಲ್ದಾಗೆ? ನಮ್ಗೆ ಒಪ್ಪಿಗೆ."

ಹುಡುಗಿಯ ರೆಪ್ಪೆ ಈ ಸಲ ತಾನಾಗಿಯೇ ಅದುರಿತು.

೭. ತೋಟದ ಬದುವಿನಲ್ಲಿ

ಹುಡುಗ ಹುಡುಗಿ ನಾಲ್ಕು ಮಾತಾಡಲಿ ಎಂದು ಹಿಪ್ಪುನೇರಳೆ ತೋಟಕ್ಕೆ ಕಳಿಸಿದರು. "ಸಾರೂ ಹೋಗ್ಲಿ, ಮನಸಿನ ಡಾಕ್ಟ್ರು" ಎಂದರು ಅವಳ ಅಮ್ಮ. ನಾನು ಮಾತು ಕೇಳಿಸುವಷ್ಟು ದೂರದಲ್ಲಿ ಬದುವಿನ ಮೇಲೆ ಕೂತು ಕೇಳಿಸಿಕೊಳ್ಳದವನಂತೆ ಎಲೆ ನೋಡುತ್ತಿದ್ದೆ.

ಹುಡುಗ ಅಲ್ಲಿಯವರೆಗೆ ತುಟಿ ಬಿಚ್ಚಿರಲಿಲ್ಲ. ಈಗ ಬಿಚ್ಚಿದ. "ಒಂಬತ್ನೇ ಎಪಿಸೋಡು. ಅಲ್ವಾ?"

ಅವಳು ಬೆಚ್ಚಿದಳು. "ನೀವೂ ನೋಡಿದೀರಾ?"

"ಆಯಮ್ಮಂದು ಮೊದ್ಲು ಎಡಗಣ್ಣು ಅದುರೋದು. ನಿಮ್ದು ಎರಡೂ ಒಟ್ಟಿಗೆ ಅದುರ್ತು. ನಾನು ಬೆಂಗ್ಳೂರಾಗೆ ಗಾರ್ಮೆಂಟ್ಸ್‌ನಾಗಿದೀನಿ, ಚೆಕಿಂಗು. ಡ್ಯಾಮೇಜು ಕಣ್ಣಿಗೆ ಬಿದ್ಬಿಡ್ತದೆ."

"ಒಲೆ ಹೊಗೆ ಇತ್ತು, ಅದ್ಕೆ."

"ಕೊನೇದು ನೋಡಿದ್ರಾ?" ಅವನ ಧ್ವನಿ ಬದಲಾಯಿತು. "ನಾವು ರೂಮಾಗಿರೋರೆಲ್ಲ ಒಂದೇ ಪ್ಯಾಕು. ಕೊನೇದೊಂದು ಇರೋವಾಗ ಪಾಸ್‌ವರ್ಡ್ ಗೊತ್ತಿರೋನು ಜಗಳ ಆಡ್ಕೊಂಡು ರೂಮ್ ಬಿಟ್ಟೋದ. ನಂಗೆ ನಿದ್ದೆ ಇಲ್ಲ. ಯಾರ್ರೀ ಅದು? ಗಂಡನಾ?"

ಅವಳು ಒಂದು ಎಲೆ ಕಿತ್ತಳು. ಸಾವಕಾಶವಾಗಿ ಮಡಿಚಿದಳು. "ಹೇಳ್ತೀನಿ. ನೀವು ಹೋಗಿ ಹುಡ್ಗಿ ಬೇಡ ಅನ್ಬೇಕು."

"ಯಾಕೆ? ನಾನು ಚೆನ್ನಾಗಿಲ್ವಾ?"

"ನೀವು ಚೆನ್ನಾಗಿದೀರಾ. ನಾಳೆ ನಂಗೆ ರಾಯದುರ್ಗದಾಗೆ ಕತ್ತರಿ ಕೊಡ್ತಾರೆ. ಕಟಿಂಗ್ ಟೇಬಲ್ಲು. ನಿಮ್ ಫ್ಯಾಕ್ಟ್ರೀಲಿ ಹೆಂಗಸ್ರಿಗೆ ಕಟಿಂಗ್ ಕೊಡ್ತಾರಾ?"

ಅವನು ಯೋಚಿಸಿದ. ಸುಳ್ಳು ಹೇಳಬಹುದಿತ್ತು. "ನಮ್ದ್ರಾಗೆ ಇಲ್ಲ."

"ಮತ್ತೆ?"

"ಏನಂತ ಬೇಡ ಅನ್ಲಿ?"

"ಹುಡ್ಗಿ ಮಾತೇ ಆಡಲ್ಲ ಅನ್ನಿ."

"ಆಗ್ಲಿಂದ ನೀವೇ ಆಡ್ತಿರೋದು!"

ಒಪ್ಪಂದವಾಯಿತು. ಅವಳು ದೊಡ್ಡ ರಹಸ್ಯ ಹೇಳುವ ಗಾಂಭೀರ್ಯದಲ್ಲಿ ಹೇಳಿದಳು: ಅತ್ತೆ, ಕೋಸಿನ ಉಪ್ಪಿನಕಾಯಿ, ಮದ್ದು. ಹುಡುಗ ಬಾಯಿ ತೆರೆದು ಕೇಳಿದ. ಅವಳಿಗೆ ಅದೇ ನಿಜ. ನಿಜ ಗೊತ್ತಿದ್ದವನು ನಾನೊಬ್ಬನೇ. ನಾನು ಹಿಪ್ಪುನೇರಳೆ ಎಲೆಯ ನರಗಳನ್ನು ಬಹಳ ಆಸಕ್ತಿಯಿಂದ ನೋಡಿದೆ. ಇಡೀ ಧಾರಾವಾಹಿಯಲ್ಲಿ ಅಂಥ ನಟನೆ ಇರಲಿಲ್ಲ.

ಹುಡುಗ ಮಾತಿಗೆ ತಪ್ಪಲಿಲ್ಲ. ಜಗಲಿಗೆ ಹೋಗಿ ಹೇಳಿಯೇಬಿಟ್ಟ: "ನಂಗೆ ಬೇಡ ಮಾವ. ಹುಡ್ಗಿ ಮಾತೇ ಆಡಲ್ಲ."

ಮಾವ ಹುಳುಗಳ ಜ್ವರ ಮರೆತು ಕಿರುಚಿದರು. "ಮಾತಾಡದೆ ಇರೋ ಹೆಂಡ್ತಿ ಬ್ಯಾಡ ಅನ್ನೋ ಗಂಡಸ್ನ ಇವತ್ತೇ ಕಣ್ರಯ್ಯಾ ನಾನು ನೋಡಿದ್ದು!"

೮. ವಾಪಸ್

ಸೋಮವಾರ ಅವಳು ಕಟಿಂಗ್ ಟೇಬಲ್ಲಿಗೆ ನಿಂತಳು. ಮಾಸ್ಟರ್ ಕತ್ತರಿ ಕೊಟ್ಟರು. ಮೊದಲು ರಟ್ಟು ಮಗುಚಿಸಿದರು, ಮತ್ತೆ ಮಗುಚಿಸಿದರು, ಆಮೇಲೆ ಅವಳೇ ಸಾಕು ಎಂದಳು.

ಒಂದೆರಡು ವಾರ ಕಳೆದಿರಬಹುದು. ಮೊಬೈಲು ಹೊಡೆದುಕೊಂಡಿತು. ಅವಳ ಎರಡೂ ಕೈ ಬಟ್ಟೆಯ ಮೇಲಿದ್ದವು. ತಾತ ಸ್ಪೀಕರ್ ಒತ್ತಿದ. ಬೆಂಗಳೂರಿನ ಹುಡುಗ. ಪಾಸ್‌ವರ್ಡಿನವನು ರೂಮಿಗೆ ವಾಪಸು ಬಂದಿದ್ದನಂತೆ.

"ಏನ್ರೀ ಹೇಳಿದ್ದು ನೀವು? ಅತ್ತೆ ಎಲ್ರೀ ಮದ್ದು ಹಾಕವ್ಳೆ? ಪೂರ್ತಿ ನೋಡ್ದೆ. ತಲೆ ಕೆಟ್ಟಿರೋದು ಗಂಡಂಗೆ! ಆಯಮ್ಮನೇ ಡಾಕ್ಟ್ರು!"

ಶೆಡ್ಡಿನಲ್ಲಿ ಎಲ್ಲ ಮೆಷೀನು ಒಟ್ಟಿಗೆ ನಿಂತವು. ಎಲ್ಲರೂ ತಾತನ ಕಡೆ ತಿರುಗಿದರು. ಸುಮ್ಮನೆ ನೋಡಿದರು.

ತಾತ ಗುಂಡಿಯ ಡಬ್ಬಿ ಹತ್ತಿರ ಎಳೆದುಕೊಂಡ. "ಅವರು ಆಮೇಲೆ ಬದಲಿ ಮಾಡ್ಯಾರ. ನಾ ನೋಡಿದಾಗ ಅತ್ತೀನಽ ಇದ್ಲು."

ಫೋನಿನಲ್ಲಿ ಹುಡುಗ ಮುಂದುವರಿಸಿದ. "ನೀವು ಕೊಟ್ಟಿದ್ದು ಡ್ಯಾಮೇಜ್ ಮಾಲು. ಅದ್ಕೆ ನಾನು ಬೇಡ ಅಂದಿದ್ದೂ ಕ್ಯಾನ್ಸಲ್. ಮಾವಂಗೂ ಹೇಳಿದೀನಿ. ನನ್ ಮಾತು ನಂಗೆ ವಾಪಸ್ ಕೊಡಿ. ಭಾನ್ವಾರ ಬತ್ತೀವಿ, ಸೆಂಟು ಹಾಕ್ಕೊಂಡ್ ಬರಲ್ಲ."

ಹುಡುಗಿ ತಲೆಯೆತ್ತಲಿಲ್ಲ. ಗೆರೆಯ ಮೇಲೆ ಕತ್ತರಿ ಇಟ್ಟಳು. ಕರಕರ ಎಂದು ಮೇಜಿನ ಆ ತುದಿಯವರೆಗೆ ಕತ್ತರಿಸಿಕೊಂಡು ಹೋದಳು. ಮುಖದಲ್ಲಿ ಏನೂ ಅಲುಗಲಿಲ್ಲ. ಎಡಗಣ್ಣಿನ ಕೆಳರೆಪ್ಪೆ, ಎಡಗಣ್ಣಿನದು ಮಾತ್ರ, ಒಂದಿಷ್ಟು ಅದುರಿತು.

"ಕತ್ತರಿ ಬಿದ್ದ ಬಟ್ಟೆ ವಾಪಸ್ ತಗೊಳಲ್ಲ ಕಣ್ರೀ."